ಸುಡದೆ ಇಟ್ಟ ಮದ್ದು

ಸಂಕ್ರಾಂತಿಯ ಹೊತ್ತಿಗೆ ನಡೆಯುವ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವ ರಾತ್ರಿಗೆ ಸುತ್ತಲ ಹಳ್ಳಿಗಳ ಜನ ಕಾದಿರುತ್ತಾರೆ. ಸೊಲ್ಲಾಪುರದ ಸಿದ್ಧರಾಮನ ಜಾತ್ರೆಯಲ್ಲೂ ಹೋಮ್ ಮೈದಾನದ ಮೇಲೆ ಅದೇ ಬೆಳಕು. ಶಿವಕಾಶಿಯಲ್ಲಿ ಪಟಾಕಿ ಕಾರ್ಖಾನೆಗಳು ಎದ್ದದ್ದು 20ನೇ ಶತಮಾನದಲ್ಲಿ. ಕನ್ನಡ ನಾಡಿನ ಬಾಣ ಬಿರುಸು ಅದಕ್ಕಿಂತ ಬಹಳ ಹಳೆಯದು. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್ ಮಹಾನವಮಿಯ ಬಿರುಸಿನ ಆಟವನ್ನು ಬರೆದಿಟ್ಟಿದ್ದಾನೆ. 1520ರ ಸುಮಾರಿಗೆ ಬಂದ ಡೊಮಿಂಗೊ ಪಾಯೆಸ್, ಹಬ್ಬದ ಅಂಗಳದಲ್ಲಿ ಇರುಳು ಹೊತ್ತಿ ಉರಿಯುತ್ತಾ ತಮ್ಮೊಳಗಿನಿಂದ ಬಾಣಗಳನ್ನು ಉಗುಳುವ ಕೃತಕ ಕೋಟೆಗಳನ್ನು ಕಂಡ. 1609ರಲ್ಲಿ ಅಹಮದನಗರದ ಸೇನಾನಿ ಮಲಿಕ್ ಅಂಬರನ ಮಗನ ಮದುವೆಗೆ ಇದೇ ವಿಜಯಪುರದ ಸುಲ್ತಾನ ಇಬ್ರಾಹಿಂ ಆದಿಲಶಹ ಬಿರುಸಿಗೆಂದೇ 80,000 ರೂಪಾಯಿ ಖರ್ಚು ಮಾಡಿದನೆಂದು ಚರಿತ್ರಕಾರರು ಹೇಳುತ್ತಾರೆ. ಇಷ್ಟು ಹಳೆಯ ಕಸುಬನ್ನು ಇಂದು ಅಪಘಾತದ ಸುದ್ದಿಯಲ್ಲಿ ಮಾತ್ರ ನೆನೆಯುತ್ತೇವೆ, ನೆನೆದಾಗಲೂ ತಪ್ಪನ್ನು ಆಕಾಶದಲ್ಲಿ ಹುಡುಕುತ್ತೇವೆ. ನನ್ನ ವಾದ ಬೇರೆ: ಸುಡುವ ಮದ್ದಿಗಿಂತ ಸುಡದೆ ಇಟ್ಟ ಮದ್ದು ಹೆಚ್ಚು ಜನರನ್ನು ಕೊಂದಿದೆ.

ಈಗಿನ ಯಾದಗಿರಿ ಜಿಲ್ಲೆಯ ದೋರನಹಳ್ಳಿ, ಶಹಾಪುರ, ಸುರಪುರದ ಸೀಮೆ ಮದ್ದನ್ನು ಮೊದಲು ಅರಿತದ್ದು ಯುದ್ಧದಲ್ಲೇ ಇರಬೇಕು. ಕೃಷ್ಣೆಯಾಚೆ ರಾಯಚೂರು ಕೋಟೆಯ ಮುಂದೆ 1520ರಲ್ಲಿ ಪೋರ್ಚುಗೀಸರ ಬಂದೂಕುಗಳು ಕೃಷ್ಣದೇವರಾಯನ ಪರ ಗುಂಡು ಹಾರಿಸಿದವು. 1705ರಲ್ಲಿ ಸುರಪುರದ ಬಳಿಯ ವಾಗಣಗೇರಿಯ ಗುಡ್ಡದ ಮೇಲಿನ ಬೇಡರ ಬಂದೂಕುಗಳು ಮುದುಕನಾದ ಔರಂಗಜೇಬನ ಇಡೀ ಸೈನ್ಯವನ್ನು ವಾರಗಟ್ಟಲೆ ತಡೆದು ನಿಲ್ಲಿಸಿದವು. ಕೋವಿಗೆ ತುಂಬುವುದೂ ಜಾತ್ರೆಯಲ್ಲಿ ಸುಡುವುದೂ ಆಗ ಒಂದೇ ಮದ್ದು: ಪೆಟ್ಲುಪ್ಪು, ಇದ್ದಿಲು, ಗಂಧಕ. ಬೆರಕೆಯ ಪ್ರಮಾಣ, ಪುಡಿಯ ನುಣುಪು, ತುಂಬುವ ಬಿಗಿ, ಇವುಗಳಲ್ಲಿ ಕಸುಬುದಾರನ ಕೈ ಕಾಣುತ್ತಿತ್ತು. ಬಿದಿರಿನ ಕೊಳವೆಗೆ ಮದ್ದನ್ನು ಸ್ವಲ್ಪಸ್ವಲ್ಪವೇ ಹಾಕಿ ಮರದ ಕೊಡತಿಯಿಂದ ಬಡಿಯಬೇಕು. ಕಬ್ಬಿಣ ಕೂಡದು, ಕಿಡಿ ಬಿದ್ದೀತು. ಒಂದೆಡೆ ಸಡಿಲಾದರೆ ಬಾಣ ಏರುವ ಬದಲು ಸಿಡಿಯುತ್ತದೆ. ಶುದ್ಧವಲ್ಲದ ಪೆಟ್ಲುಪ್ಪು ಬೇಗ ತೇವ ಹಿಡಿಯುವುದರಿಂದ ಮಾಡಿದ್ದನ್ನು ಬಹುಕಾಲ ಇಟ್ಟುಕೊಳ್ಳುವುದೂ ಕಷ್ಟ. ಜಾತ್ರೆ ಹತ್ತಿರ ಬಂದಾಗ ಬೇಕಾದಷ್ಟೇ ಮಾಡುವುದರಲ್ಲಿ ಲಾಭವಿತ್ತು. ಆ ಲಾಭವೇ ಕಸುಬಿನ ರಕ್ಷಣೆಯೂ ಆಗಿತ್ತು ಎಂದು ನಾನು ತಿಳಿಯುತ್ತೇನೆ.

ಆ ರಕ್ಷಣೆಯನ್ನು ಮುರಿದದ್ದು ಬಣ್ಣದ ಆಸೆ. ಹಳೆಯ ಮದ್ದು ಚಿನ್ನದಂಥ ಹಳದಿ, ಕೆಂಡದಂಥ ಕೆಂಪು ಬಿಟ್ಟರೆ ಹೆಚ್ಚು ಬಣ್ಣ ಕೊಡದು. ಅಚ್ಚ ಕೆಂಪು, ಹಸಿರು ಬಂದದ್ದು 19ನೇ ಶತಮಾನದಲ್ಲಿ, ಪೊಟ್ಯಾಸಿಯಂ ಕ್ಲೋರೇಟಿನಿಂದ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬರ್ತೊಲೆ 1788ರಲ್ಲಿ ಇದರಿಂದ ಕೋವಿಮದ್ದು ಮಾಡಿಸಲು ಹೋದಾಗ ಎಸ್ಸೋನ್ನಿನ ಗಿರಣಿಯಲ್ಲಿ ಸ್ಫೋಟವಾಗಿ ಜನ ಸತ್ತರು. ಕ್ಲೋರೇಟಿಗೆ ಗಂಧಕ ಸೇರಿದರೆ ಕಿಡಿಯೇ ಬೇಕಿಲ್ಲ. ತಿಕ್ಕಾಟ ಸಾಕು, ತೇವದಲ್ಲಿ ಹುಟ್ಟುವ ಆಮ್ಲವೂ ಸಾಕು. ಬ್ರಿಟನ್ 1894ರಲ್ಲೇ ಈ ಬೆರಕೆಯನ್ನು ಪಟಾಕಿಯಿಂದ ಹೊರಗಿಟ್ಟಿತು. ಭಾರತ ನಿಷೇಧಿಸಿದ್ದು 1992ರಲ್ಲಿ. ಸುಮಾರು ನೂರು ವರ್ಷದ ಈ ಅಂತರಕ್ಕೆ ನಮ್ಮ ಕಸುಬುದಾರರ ಕೈಬೆರಳುಗಳು ಬೆಲೆ ತೆತ್ತವು. ಹಳೆಯ ಮದ್ದಿನ ಮೇಲೆ ಪಳಗಿದ ಕೈ ಹೊಸ ಮದ್ದನ್ನೂ ಅದೇ ಧೈರ್ಯದಿಂದ ಮುಟ್ಟಿತು.

ಈಚಿನ ಅವಘಡಗಳನ್ನು ಒಂದೊಂದಾಗಿ ನೋಡಿ. 2016ರ ಏಪ್ರಿಲ್‌ನಲ್ಲಿ ಕೊಲ್ಲಂ ಬಳಿಯ ಪುಟ್ಟಿಂಗಲ್ ದೇವಸ್ಥಾನದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತದ್ದು, ಸಿಡಿದ ಮದ್ದಿನ ಕಿಡಿ ಪಕ್ಕದ ದಾಸ್ತಾನಿನ ಮೇಲೆ ಬಿದ್ದದ್ದರಿಂದ. 2024ರ ಅಕ್ಟೋಬರ್‌ನಲ್ಲಿ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ತೆಯ್ಯಂ ನೋಡುತ್ತ ನಿಂತವರು ಸುಟ್ಟುಹೋದದ್ದೂ ಹಾಗೆಯೇ. 2023ರಲ್ಲಿ ಹಾವೇರಿಯ ಆಲದಕಟ್ಟಿಯಲ್ಲಿ ಪಟಾಕಿ ಗೋದಾಮಿಗೆ ವೆಲ್ಡಿಂಗ್ ಕಿಡಿ ತಗುಲಿತು. ಅದೇ ವರ್ಷ ಬೆಂಗಳೂರಿನ ಬಳಿಯ ಅತ್ತಿಬೆಲೆಯಲ್ಲಿ ಪಟಾಕಿ ಮಾಲು ಇಳಿಸುವಾಗ ಬೆಂಕಿ ಹತ್ತಿತು. ಕೊನೆಯ ಎರಡರಲ್ಲಿ ಪ್ರದರ್ಶನವೇ ಇರಲಿಲ್ಲ.

ಹಿಂದೆ ಇಂಥದ್ದು ಆಗುತ್ತಲೇ ಇರಲಿಲ್ಲವೇ ಎಂದು ಕೇಳಬಹುದು. ಆಗಿರಲೇಬೇಕು. ಸತ್ತ ಕೂಲಿಯವನ ಹೆಸರನ್ನು ಯಾವ ಪ್ರವಾಸಿಯೂ ಬರೆಯಲಿಲ್ಲ, ಅಷ್ಟೆ. ಹಳೆಯದೆಲ್ಲ ಸುರಕ್ಷಿತವಾಗಿತ್ತು ಎಂಬುದು ನನ್ನ ಮಾತಲ್ಲ, ಮಾಡುವುದಕ್ಕೂ ಸುಡುವುದಕ್ಕೂ ನಡುವಿನ ಕಾಲ ಚಿಕ್ಕದಾಗಿತ್ತು ಎಂಬುದಷ್ಟೇ. ಹಾಗಾದರೆ ಪೂರ್ತಿ ನಿಲ್ಲಿಸಿಬಿಡಿ ಎನ್ನುವವರ ಕಾಳಜಿಯನ್ನು ನಾನು ಹಗುರಾಗಿ ಕಾಣಲಾರೆ. ಹೊಗೆ, ಸದ್ದು, ಮುದುಕರ ಮಕ್ಕಳ ಪಾಡು ಎಲ್ಲವೂ ನಿಜ. ಆದರೆ ನಿಷೇಧಿಸಿದ ಮದ್ದು ಊರು ಬಿಟ್ಟು ಹೋಗುವುದಿಲ್ಲ, ಲೈಸೆನ್ಸ್ ಇಲ್ಲದ ಮನೆಯ ಹಿಂದಿನ ಕೋಣೆಗೆ ಹೋಗುತ್ತದೆ. ಇನ್ನೊಂದು ಆಕ್ಷೇಪ ಜಾತ್ರೆ ಕಮಿಟಿಗಳದು: ಊರು ಬೆಳೆದು ಗುಡಿಯ ಬಯಲು ಕಿರಿದಾಗಿದೆ, ಕಾಯ್ದೆ ಹೇಳುವ ದೂರ ಎಲ್ಲಿಂದ ತರುವುದು? ದಾಸ್ತಾನಿಗೂ ಸುಡುವ ಜಾಗಕ್ಕೂ 200 ಮೀಟರ್ ಇರಬೇಕೆಂದು 2024ರಲ್ಲಿ ತಿದ್ದುಪಡಿ ಬಂದಾಗ ಕೇರಳದ ತ್ರಿಶೂರಿನ ಪೂರಂ ಉತ್ಸವ ನಡೆಸುವವರು ಎತ್ತಿದ ದೂರೂ ಇದೇ. ಬಯಲನ್ನು ಹಿಗ್ಗಿಸಲು ಬಾರದು, ದಾಸ್ತಾನನ್ನು ಇಲ್ಲವಾಗಿಸಲು ಬರುತ್ತದೆ. ಆ ರಾತ್ರಿ ಸುಡುವಷ್ಟನ್ನೇ ತರಿಸಿ, ಹಗಲಿನಲ್ಲೇ ಬಯಲಿನಲ್ಲಿ ಹೂಡಿ, ಜನ ಸೇರುವ ಮೊದಲು ದಾಸ್ತಾನಿನ ಕೋಣೆ ಬರಿದಾಗಿದೆಯೇ ಎಂದು ತೆರೆದು ನೋಡಿದರೆ ಕಿಡಿ ಬಿದ್ದರೂ ಹತ್ತಲು ಅಲ್ಲಿ ಏನೂ ಇರುವುದಿಲ್ಲ. ಇದಕ್ಕೆ ಎರಡು ಬಾರಿ ಗಾಡಿ ಬಾಡಿಗೆ, ಹಗಲು ಕಾಯುವ ಕೂಲಿ, ಔಟುಗಳ ಸಂಖ್ಯೆಯಲ್ಲಿ ಒಂದಿಷ್ಟು ಕಡಿತ ಬೇಕಾಗುತ್ತದೆ. ಮದ್ದಿಗೆ ಪಟ್ಟಿ ಎತ್ತುವಾಗ ಕಮಿಟಿಗಳು ಈ ಖರ್ಚನ್ನೂ ಸೇರಿಸಿಯೇ ಲೆಕ್ಕ ಬರೆಯಬೇಕು.