ಆಹಾರ ನಳಿಕೆಯುಳ್ಳವರ ಮನೆ ಆರೈಕೆ: ರಬಕವಿ-ಬನಹಟ್ಟಿ ತಾಲ್ಲೂಕಿನ ನಾಗರಿಕರಿಗೆ ಮಾಹಿತಿ

ಪಾರ್ಶ್ವವಾಯು, ಗಂಟಲಿನ ಕ್ಯಾನ್ಸರ್ ಮುಂತಾದ ಕಾರಣಗಳಿಂದ ನುಂಗಲಾಗದವರಿಗೆ ಮೂಗಿನ ಮೂಲಕ (ರೈಲ್ಸ್ ಟ್ಯೂಬ್) ಅಥವಾ ಹೊಟ್ಟೆಯ ಮೂಲಕ ಜಠರಕ್ಕೆ ನಳಿಕೆ ಅಳವಡಿಸಲಾಗುತ್ತದೆ. ಆರೈಕೆ ಮಾಡುವವರು ಆಸ್ಪತ್ರೆಯಿಂದ ಬಿಡುಗಡೆಗೆ ಮುನ್ನವೇ ಶುಶ್ರೂಷಕರ ಸಮ್ಮುಖದಲ್ಲಿ ಆಹಾರ ನೀಡಿ ಕಲಿತಿರಬೇಕು.

ಪಾಲಿಸಬೇಕಾದ ಕ್ರಮಗಳು:
1. ಆಹಾರ ನೀಡುವಾಗ ಹಾಗೂ ನಂತರ ಕನಿಷ್ಠ 30 ನಿಮಿಷ ತಲೆ ಮತ್ತು ಎದೆಯನ್ನು 30ರಿಂದ 45 ಡಿಗ್ರಿ ಎತ್ತರಿಸಿರಬೇಕು.
2. ಪ್ರತಿ ಬಾರಿಯೂ ನಳಿಕೆಯ ಗುರುತು ಸರಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.
3. ಗಂಜಿ, ಬೇಳೆಕಟ್ಟು ಮುಂತಾದವುಗಳನ್ನು ನುಣ್ಣಗೆ ಅರೆದು, ಸೋಸಿ, ಉಗುರುಬೆಚ್ಚಗೆ ನೀಡಬೇಕು. ಬಳಿಕ ಸುಮಾರು 30 ಮಿ.ಲೀ. ಕುದಿಸಿ ಆರಿಸಿದ ನೀರನ್ನು ಹಾಯಿಸಬೇಕು.
4. ವೈದ್ಯರನ್ನು ಕೇಳದೆ ಮಾತ್ರೆಗಳನ್ನು ಪುಡಿಮಾಡಿ ನೀಡಬಾರದು.
5. ಬಾಯಿಯಿಂದ ಉಣ್ಣದಿದ್ದರೂ ದಿನಕ್ಕೆರಡು ಬಾರಿ ಬಾಯಿಯನ್ನು ಸ್ವಚ್ಛಗೊಳಿಸಬೇಕು.

ತುರ್ತು ಸಂದರ್ಭ:
ಹೊರಬಂದ ನಳಿಕೆಯನ್ನು ಮನೆಯಲ್ಲಿ ಮರಳಿ ತೂರಿಸಬಾರದು. ಮೂಗಿನ ನಳಿಕೆ ಶ್ವಾಸನಾಳವನ್ನು ಸೇರಿದರೆ ಆಹಾರವು ಶ್ವಾಸಕೋಶಕ್ಕೆ ಹೋಗಿ ಪ್ರಾಣಾಪಾಯ ಸಂಭವಿಸುತ್ತದೆ. ಹೊಟ್ಟೆಯ ನಳಿಕೆ ಹೊರಬಂದಲ್ಲಿ ರಂಧ್ರವು ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳಬಹುದಾದ್ದರಿಂದ ವಿಳಂಬ ಸಲ್ಲದು. ಕೆಮ್ಮು, ವಾಂತಿ ಅಥವಾ ಉಸಿರಾಟದ ತೊಂದರೆ ಕಂಡುಬಂದಲ್ಲಿ ಆಹಾರವನ್ನು ತಕ್ಷಣ ನಿಲ್ಲಿಸಬೇಕು. ಉಸಿರಾಟ ಕಷ್ಟವಾದರೆ 108ಕ್ಕೆ ಕರೆ ಮಾಡಬೇಕು.

ಸಂಪರ್ಕ:
ನಳಿಕೆ ಬದಲಾವಣೆಗಾಗಿ ಸಮೀಪದ ಸರ್ಕಾರಿ ಆಸ್ಪತ್ರೆ, ಜಮಖಂಡಿ ತಾಲ್ಲೂಕು ಆಸ್ಪತ್ರೆ ಅಥವಾ ಬಾಗಲಕೋಟೆ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಬಿಡುಗಡೆ ಪತ್ರ, ಪಡಿತರ ಚೀಟಿ ಹಾಗೂ ಆಧಾರ್ ಕಾರ್ಡನ್ನು ಜೊತೆಗೆ ತರತಕ್ಕದ್ದು.