ಆಚರಣೆಯ ಅಧಿಕಾರ: ಕನ್ನಡ ಸೀಮೆಯ ಕಥೋಲಿಕರಲ್ಲಿ ಎರಡು ವಿವಾದಗಳು

ದಕ್ಷಿಣ ಭಾರತದ ಕಥೋಲಿಕ ಧರ್ಮಸಭೆಯ ಇತಿಹಾಸದಲ್ಲಿ ಆಚರಣೆಯ ಪ್ರಶ್ನೆ ಎರಡು ಬಾರಿ ತೀವ್ರ ವಿವಾದವಾಗಿ ಎದ್ದಿತು. ಮೊದಲ ಬಾರಿ ಸ್ಥಳೀಯ ರೂಢಿಗಳನ್ನು ರೋಮ್ ನಿಷೇಧಿಸಿತು. ಎರಡನೆಯ ಬಾರಿ ರೋಮ್ ಒಪ್ಪಿದ ಸ್ಥಳೀಯ ರೂಢಿಗಳನ್ನು ವಿಶ್ವಾಸಿಗಳಲ್ಲೇ ಒಂದು ವರ್ಗ ಪ್ರತಿಭಟಿಸಿತು.

ಮಧುರೆಯಲ್ಲಿ ರಾಬರ್ಟ್ ದ ನೊಬಿಲಿ ಕಾವಿಯುಟ್ಟು ಸಸ್ಯಾಹಾರಿಯಾಗಿ ಬೋಧಿಸಿದ ಕ್ರಮಕ್ಕೆ 1623ರಲ್ಲಿ ಹದಿನೈದನೆಯ ಗ್ರೆಗರಿ ಪೋಪರು ಸಮ್ಮತಿ ನೀಡಿದ್ದರು. ಅದರಂತೆ ಮತಾಂತರಗೊಂಡವರು ಜನಿವಾರ, ಶಿಖೆ, ಗಂಧ, ಸ್ನಾನಗಳನ್ನು ಕೆಲವು ನಿರ್ಬಂಧಗಳೊಡನೆ ಉಳಿಸಿಕೊಳ್ಳಬಹುದಾಗಿತ್ತು. ಇದೇ ಮಾರ್ಗವನ್ನು ಲಿಯೊನಾರ್ದೊ ಚಿನ್ನಮಿ ಮೈಸೂರು ಸೀಮೆಗೆ ತಂದನು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಫ್ರೆಂಚ್ ಜೆಸ್ವಿತರ ಕರ್ನಾಟಕ ಮಿಷನ್, ಇಂದಿನ ಅನಂತಪುರದ ಕಡೆಯ ಕೃಷ್ಣಾಪುರದವರೆಗೂ ಇದನ್ನೇ ಅನುಸರಿಸಿತು.

1704ರಲ್ಲಿ ಪೋಪರ ಪ್ರತಿನಿಧಿ ತೂರ್ನೊ ಪಾಂಡಿಚೇರಿಯಲ್ಲಿ ಹೊರಡಿಸಿದ ಆಜ್ಞೆ ಈ ವ್ಯವಸ್ಥೆಯನ್ನು ಅಲುಗಿಸಿತು. ದೀಕ್ಷಾಸ್ನಾನದಲ್ಲಿ ಉಗುಳಿನ ವಿಧಿಯನ್ನು ಬಿಡಕೂಡದು, ಸಂತರ ಹೆಸರುಗಳನ್ನೇ ಇಡಬೇಕು, ದೇವತೆಯ ಚಿಹ್ನೆಯುಳ್ಳ ತಾಳಿ ಮತ್ತು ವಿಭೂತಿ ಸಲ್ಲದು ಎಂದು ಅದು ವಿಧಿಸಿತು. ಅಸ್ಪೃಶ್ಯರ ಮನೆಗೂ ಹೋಗಿ ರೋಗಿಗಳಿಗೆ ಸಂಸ್ಕಾರ ನೀಡಬೇಕೆಂಬುದು ಅದರಲ್ಲಿನ ಮಹತ್ವದ ಅಂಶ. ಜೆಸ್ವಿತರು ದೀರ್ಘಕಾಲ ವಾದಿಸಿದರೂ 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟರು ವಿವಾದಕ್ಕೆ ತೆರೆಯೆಳೆದರು. ಈ ಸಂಬಂಧ ಮಿಷನರಿಗಳು ಮಾಡಬೇಕಾಗಿದ್ದ ಪ್ರಮಾಣ 1940ರವರೆಗೂ ಉಳಿಯಿತು.

ಎರಡನೆಯ ವ್ಯಾಟಿಕನ್ ಮಹಾಸಭೆಯ 1963ರ ಆರಾಧನಾ ಶಾಸನ ದೇಶಭಾಷೆಗೂ ದೇಶೀಯ ರೂಪಗಳಿಗೂ ಬಾಗಿಲು ತೆರೆಯಿತು. 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕೇಂದ್ರವನ್ನು ಡಿ. ಎಸ್. ಅಮಲೋರ್ಪವದಾಸ್ ಮುನ್ನಡೆಸಿದರು. ಅವರ ಅಣ್ಣ, ಬೆಂಗಳೂರಿನ ಮಹಾಧರ್ಮಾಧ್ಯಕ್ಷ ಲೂರ್ದುಸ್ವಾಮಿಯವರು ಭಾರತೀಯ ಧರ್ಮಾಧ್ಯಕ್ಷರ ಪರವಾಗಿ ಮುಂದಿಟ್ಟ ಹನ್ನೆರಡು ಅಂಶಗಳಿಗೆ 1969ರ ಏಪ್ರಿಲ್ 25ರಂದು ರೋಮಿನ ಒಪ್ಪಿಗೆ ದೊರೆಯಿತು: ನೆಲದ ಮೇಲೆ ಕೂರುವುದು, ಪಾದರಕ್ಷೆ ಕಳಚುವುದು, ಅಂಜಲಿ, ಪಂಚಾಂಗ ಪ್ರಣಾಮ, ಆರತಿ, ಎಣ್ಣೆಯ ದೀಪ ಮೊದಲಾದವು.

ವಿಕ್ಟರ್ ಕುಲಂದೈ ಮೊದಲಾದ ಸಂಪ್ರದಾಯನಿಷ್ಠರು ಇದನ್ನು ಧರ್ಮಸಭೆಯ ಹಿಂದೂಕರಣವೆಂದು ಖಂಡಿಸಿದರು. ಲ್ಯಾಟಿನ್ ಪೂಜೆಯಲ್ಲಿ ಬೆಳೆದವರಿಗೆ ಇದು ಪೂರ್ವಜರ ಭಕ್ತಿಯನ್ನೇ ಅನುಮಾನಿಸಿದಂತೆ ಕಂಡಿತು. 1975ರಲ್ಲಿ ರೋಮ್ ಕೂಡ ಅನುಮೋದನೆಯಿಲ್ಲದ ಭಾರತೀಯ ಪೂಜಾಪ್ರಾರ್ಥನೆಯನ್ನೂ ಬೈಬಲೇತರ ಗ್ರಂಥಗಳ ಪಾರಾಯಣವನ್ನೂ ತಡೆಯಿತು. ಇನ್ನೊಂದೆಡೆ ದಲಿತ ಚಿಂತಕರು ಎತ್ತಿದ ಆಕ್ಷೇಪ ಬೇರೆಯದು: ದೇಶೀಯವೆಂದು ತಂದ ಚಿಹ್ನೆಗಳು ಹೆಚ್ಚಾಗಿ ಮೇಲ್ಜಾತಿಯ ಸಂಸ್ಕೃತಿಗೆ ಸೇರಿದವು.

ಹೀಗೆ, 1704ರ ಆಜ್ಞೆ ಮುಟ್ಟಿದ್ದ ಜಾತಿಯ ಪ್ರಶ್ನೆಯೇ ಹೊಸ ರೂಪದಲ್ಲಿ ಮರಳಿತು. ಎರಡೂ ವಿವಾದಗಳಲ್ಲಿ ‘ಸಂಪ್ರದಾಯ’ವೆಂಬ ಪದವನ್ನು ಎಲ್ಲ ಪಕ್ಷಗಳೂ ಬಳಸಬಹುದಿತ್ತು. ಅದು ಯಾರ ಸಂಪ್ರದಾಯ ಎಂದು ನಿರ್ಧರಿಸುವ ಅಧಿಕಾರ ಮಾತ್ರ ಊರ ಗುಡಿಸಲಿನ ವಿಶ್ವಾಸಿಗೆ ಎರಡು ಬಾರಿಯೂ ದಕ್ಕಲಿಲ್ಲ.