ಮಡಕೆಯಂತಹ ವಸ್ತು ತಂತಿಯಾದ ಕಥೆ

1911ರಲ್ಲಿ ಹಾಲೆಂಡಿನ ವಿಜ್ಞಾನಿ ಕ್ಯಾಮರ್ಲಿಂಗ್ ಆನೆಸ್ ಪಾದರಸವನ್ನು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದಾಗ ಅದರ ವಿದ್ಯುತ್ ರೋಧವೇ ಮಾಯವಾಯಿತು. ಇದೇ ಅತಿವಾಹಕತೆ. ಇಂತಹ ತಂತಿಯನ್ನು ಸುತ್ತಿ 10 ಟೆಸ್ಲಾ ಬಲದ ಕಾಂತ ಮಾಡಬಹುದೆಂದು ಅವರು ಆಶಿಸಿದರು. ಆದರೆ ಸೀಸದ ತಂತಿ ಅಲ್ಪ ಕಾಂತಕ್ಷೇತ್ರದಲ್ಲೇ ಆ ಗುಣವನ್ನು ಕಳೆದುಕೊಂಡಿತು. 1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ನಿಯೋಬಿಯಂ-ತವರದ ಸಂಯುಕ್ತವು 8.8 ಟೆಸ್ಲಾದಲ್ಲೂ ಅತಿವಾಹಕವಾಗಿ ಉಳಿಯಿತು. ಆದರೂ ಅದರಿಂದ ಮಾಡಿದ ಕಾಂತಗಳು ಸುಮಾರು 23 ಟೆಸ್ಲಾದ ಬಳಿ ನಿಂತವು.

1986ರಲ್ಲಿ ಜ್ಯೂರಿಕ್ ಸಮೀಪದ ಐಬಿಎಂ ಪ್ರಯೋಗಾಲಯದಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್, ತಾಮ್ರದ ಆಕ್ಸೈಡ್‌ಗಳಲ್ಲಿ ಹೆಚ್ಚಿನ ತಾಪದಲ್ಲೇ ಈ ಗುಣವನ್ನು ಕಂಡರು. ಮರುವರ್ಷವೇ ಅವರಿಗೆ ನೊಬೆಲ್ ಬಹುಮಾನ ಸಂದಿತು. ಆ ವರ್ಷವೇ ಯಿಟ್ರಿಯಂ, ಬೇರಿಯಂ ಬೆರೆತ ಆಕ್ಸೈಡ್ ಮೈನಸ್ 180 ಡಿಗ್ರಿಯಲ್ಲೇ ಅತಿವಾಹಕವಾಯಿತು.

ಬಹುಮಾನ ಬೇಗ ಬಂತು, ತಂತಿ ಬರಲಿಲ್ಲ! ಈ ವಸ್ತು ಮಡಕೆಯಂತೆ ಬಾಗದೆ ಒಡೆಯುತ್ತದೆ. ಅದರ ಹರಳುಗಳು ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲದಿದ್ದರೆ ಹೆಚ್ಚು ವಿದ್ಯುತ್ ಹರಿಯದು. ಕೊನೆಗೆ ಲೋಹದ ಪಟ್ಟಿಯ ಮೇಲೆ ಹರಳುಗಳನ್ನು ಸಾಲಾಗಿ ಬೆಳೆಸಿ, ಕೂದಲೆಳೆಗಿಂತ ತೆಳುವಾದ ಪದರವಾಗಿ ಕೂಡಿಸುವ ವಿಧಾನ ಕೈಗೂಡಿತು.

2017ರಲ್ಲಿ ಅಮೆರಿಕದ ಟಲಹಾಸಿಯ ರಾಷ್ಟ್ರೀಯ ಕಾಂತಕ್ಷೇತ್ರ ಪ್ರಯೋಗಾಲಯದಲ್ಲಿ ಈ ಪಟ್ಟಿಯ ಸುರುಳಿಗಳನ್ನು ಒಳಗಿಟ್ಟು, ಹಳೆಯ ಬಗೆಯ ಸುರುಳಿಗಳನ್ನು ಹೊರಗೆ ಸುತ್ತಿದ ಕಾಂತ 32 ಟೆಸ್ಲಾ ಮುಟ್ಟಿತು. ಅದನ್ನೂ ದ್ರವ ಹೀಲಿಯಂನಲ್ಲೇ ತಣಿಸಬೇಕಾಯಿತು. ತಂಪು ಹೆಚ್ಚಿದಷ್ಟೂ ಪಟ್ಟಿ ಹೆಚ್ಚಿನ ಕ್ಷೇತ್ರವನ್ನು ತಾಳುತ್ತದೆ.

ಆವಿಷ್ಕಾರದಿಂದ ಆ ಕಾಂತದವರೆಗೆ 31 ವರ್ಷ. ವಿದ್ಯಾರ್ಥಿಗಳೇ, ಕಂಡುಹಿಡಿದವರ ಹೆಸರು ಪಠ್ಯಪುಸ್ತಕದಲ್ಲಿದೆ. ಅದನ್ನು ತಂತಿಯಾಗಿಸಿದವರ ತಾಳ್ಮೆಯೂ ವಿಜ್ಞಾನವೇ.